ಗೋಪುರ ಹತ್ತದ ದೊತ್ತೋರೆ

ಫೋಸ್ಕೊ ಗೆಲಾರ್ದೂಚಿ ದೊತ್ತೋರೆ ಆದದ್ದು ವಿಶ್ವವಿದ್ಯಾಲಯದಲ್ಲಲ್ಲ, ಅಲ್ವಾರೊನ ಕ್ಷೌರದಂಗಡಿಯಲ್ಲಿ.

ನಮ್ಮ ಪೀಸಾದಲ್ಲಿ ಪದವಿ ಪಡೆದವರನ್ನೆಲ್ಲ ದೊತ್ತೋರೆ ಎಂದು ಕರೆಯುವುದು ಮರ್ಯಾದೆ. ಪದವಿ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಕನ್ನಡಕ ನೋಡಿ ಕರೆಯುವುದೂ ಉಂಟು. ನಲವತ್ತು ವರ್ಷದ ಹಿಂದೆ ಒಂದು ಶನಿವಾರ ಫೋಸ್ಕೊ ಹೊಸ ಕನ್ನಡಕ ಹಾಕಿಕೊಂಡು, ಕಂಕುಳಲ್ಲಿ ದಪ್ಪ ಪುಸ್ತಕ ಇಟ್ಟುಕೊಂಡು ಅಂಗಡಿಯೊಳಗೆ ಹೋದ. ಅಲ್ವಾರೊ ಕುರ್ಚಿಯ ಮೇಲಿನ ಕೂದಲು ಕೊಡವಿ, “ಬನ್ನಿ ದೊತ್ತೋರೆ, ಕೂತ್ಕೊಳ್ಳಿ” ಎಂದ. ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ನೊರೆ ಬಳಿಸಿಕೊಂಡು ಕೂತಿದ್ದವರು ಅವನು ಮೆಚ್ಚಿದ್ದ ಹುಡುಗಿ ಮಿರೆಲ್ಲಾಳ ತಂದೆ. ಅವರು ನೊರೆಯ ನಡುವಿನಿಂದಲೇ ಒಂದು ಕಣ್ಣು ತೆರೆದು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಇನ್ನೂ ಅಲ್ಲ, ಒಂದು ಪರೀಕ್ಷೆ ಬಾಕಿ ಇದೆ’ ಎನ್ನಬೇಕಿತ್ತು ಫೋಸ್ಕೊ. ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅಲ್ವಾರೊ ಅವನ ಬಾಯಿಗೂ ನೊರೆ ಬಳಿದಿದ್ದ.

ಆ ವರ್ಷವೇ ಮಿರೆಲ್ಲಾಳ ಜೊತೆ ಮದುವೆಯಾಯಿತು.

ಬಾಕಿ ಉಳಿದಿದ್ದದ್ದು ಮಣ್ಣಿನ ಪರೀಕ್ಷೆ. ಯಾವ ಮಣ್ಣು ಎಷ್ಟು ಭಾರ ಹೊರುತ್ತದೆ, ಎಲ್ಲಿ ಕುಸಿಯುತ್ತದೆ, ಏಕೆ ಕುಸಿಯುತ್ತದೆ ಎಂಬ ವಿದ್ಯೆ. ಫೋಸ್ಕೊ ಅದಕ್ಕೆ ಏಳು ಸಲ ಕೂತ, ಏಳು ಸಲವೂ ಕುಸಿದ. ಆಮೇಲೆ ನಗರಸಭೆಯ ಚರಂಡಿ ನಕ್ಷೆಗಳ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಪದವಿ ಕೇಳಲಿಲ್ಲ, ಎಲ್ಲರೂ ದೊತ್ತೋರೆ ಎಂದರು. ಹೋದ ವರ್ಷ ನಿವೃತ್ತಿಯಾದ ದಿನ ಹೂಗುಚ್ಛದ ಮೇಲಿನ ಚೀಟಿಯಲ್ಲೂ ಹಾಗೆಯೇ ಬರೆದಿತ್ತು. ಅದನ್ನು ಓದಿ ಅವನಿಗೆ ಜ್ವರ ಬಂತಂತೆ.

ಈ ಗುಟ್ಟು ನನಗೆ ಗೊತ್ತಾದದ್ದು ಮಾರ್ಚ್ ತಿಂಗಳಲ್ಲಿ. ನಾನು ಅವರ ಮೇಲಿನ ಮನೆಯವಳು, ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದವಳು. ಒಂದು ಮಧ್ಯಾಹ್ನ ಫೋಸ್ಕೊ ರಿಪೇರಿ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

“ಟೀಚರಮ್ಮಾ, ನಿಮ್ಮ ಅಡುಗೆಮನೆ ನಲ್ಲಿ ಸೋರುತ್ತಾ?”

“ಇಲ್ವಲ್ಲ ಫೋಸ್ಕೊ.”

“ಸೋರುತ್ತೆ ಅಂತ ಹೇಳ್ತೀರಾ? ದಮ್ಮಯ್ಯ.”

ಪೆಟ್ಟಿಗೆಯೊಳಗೆ ಮೇಲ್ಗಡೆ ಒಂದು ಸ್ಪ್ಯಾನರ್ ಇತ್ತು. ಅದರ ಕೆಳಗೆ ಮಣ್ಣಿನ ಪುಸ್ತಕ. ಅವನು ಹೇಗೋ ಅರ್ಜಿ ಹಾಕಿ, ಮರಳಿ ಹೆಸರು ಬರೆಸಿಕೊಂಡಿದ್ದ. ಅರವತ್ತೈದರ ವಯಸ್ಸಿನಲ್ಲಿ, ನನ್ನ ಮೇಜಿನ ಮುಂದೆ ಕೂತು, ಬೆವರು ಒರೆಸಿಕೊಳ್ಳುತ್ತ, “ಪ್ರಶ್ನೆ ಕೇಳಿ” ಎಂದ. ಅಂದಿನಿಂದ ವಾರಕ್ಕೆ ಮೂರು ದಿನ ನನ್ನ ನಲ್ಲಿ ರಿಪೇರಿಯಾಗತೊಡಗಿತು.

“ಏನು ಟೀಚರಮ್ಮಾ, ಮೂರು ತಿಂಗಳಾಯ್ತು, ಇನ್ನೂ ಅದೇ ನಲ್ಲೀನಾ?” ಎಂದು ಮಿರೆಲ್ಲಾ ಮೆಟ್ಟಿಲಲ್ಲಿ ಕೇಳಿದಳು.

“ಹಳೇ ಮನೆ ಅಲ್ವೇನಮ್ಮಾ” ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನನ್ನ ಕಿವಿ ಬಿಸಿಯಾದವು. ಅವತ್ತು ಸಂಜೆ ಅವಳು ಒಂದು ಪಾತ್ರೆ ಬಿಸಿ ಬಿಸಿ ಕಡಲೆ ಸಾರು ಕಳಿಸಿದಳು. ‘ನೀರಿಲ್ಲದೆ ಹೇಗೆ ಅಡುಗೆ ಮಾಡ್ಕೋತೀರಿ’ ಎಂದು ಹೇಳಿ ಕಳಿಸಿದ್ದಳು. ತೊಳೆದರೆ ಗುಟ್ಟು ಬಯಲಾದೀತೆಂದು ಪಾತ್ರೆಯನ್ನು ತೊಳೆಯದೆಯೇ ಹಿಂದಿರುಗಿಸಿದೆ.

ಪರೀಕ್ಷೆ ಜೂನ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಆ ಭಾನುವಾರವೇ ಫೋಸ್ಕೊನ ಹುಟ್ಟುಹಬ್ಬ. ಮಿರೆಲ್ಲಾ ಗಂಡನಿಗೆ ತಿಳಿಯದಂತೆ ಬಾಗಿಲಿಗೆ ಹಾಕಲು ಒಂದು ಹಿತ್ತಾಳೆ ಫಲಕ ಮಾಡಿಸಿದ್ದಳು: ‘ದೊತ್ತೋರೆ ಫೋಸ್ಕೊ ಗೆಲಾರ್ದೂಚಿ’. ನನಗೆ ತೋರಿಸಿ, “ಗುಟ್ಟು, ಹೇಳ್ಬೇಡಿ” ಎಂದಳು. ಹೀಗೆ ಗಂಡನ ಗುಟ್ಟೂ ಹೆಂಡತಿಯ ಗುಟ್ಟೂ ನನ್ನ ಅಡುಗೆಮನೆಯಲ್ಲಿ ಒಂದರ ಪಕ್ಕ ಒಂದು ಕೂತಿದ್ದವು.

ಇಷ್ಟರಲ್ಲಿ ಸೋಮವಾರ ಎರ್ಸೀಲಿಯಾ ಚಿಕ್ಕಮ್ಮ ಬಂದಿಳಿದರು.

ಇವರು ಮಿರೆಲ್ಲಾಳ ತಾಯಿಯ ತಂಗಿ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯ ಕೈ ಹಿಡಿದುಕೊಂಡು ಹಡಗು ಹತ್ತಿ ಅರ್ಜೆಂಟೀನಾಗೆ ಹೋದವರು, ಈಗ ಎಂಬತ್ತೆರಡರಲ್ಲಿ ಯುರೋಪು ನೋಡಲು ಹೊರಟಿದ್ದರು. ಕೈಯಲ್ಲೊಂದು ಪುಟ್ಟ ಪುಸ್ತಕ. ನೋಡಿದ್ದಕ್ಕೆಲ್ಲ ಅದರಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಒಂದು ಮಾತು ಬರೆದುಕೊಳ್ಳುತ್ತಿದ್ದರು. ಪ್ಯಾರಿಸ್ಸಿನ ಕಬ್ಬಿಣದ ಗೋಪುರ: ‘ಗಾಳಿ’. ವೆನಿಸ್: ‘ನೀರು ಹೆಚ್ಚಾಯಿತು’. ರೋಮಿನ ಹೆಸರಾಂತ ಚಿತ್ರಗಳ ಚಾವಣಿ: ‘ಕುತ್ತಿಗೆ ನೋವು, ಆದರೆ ಬಿಡಬಾರದು’. ಕೊನೆಯ ಪುಟದಲ್ಲಿ ನಮ್ಮ ವಾಲಿದ ಗೋಪುರ ಮಾತ್ರ ಉಳಿದಿತ್ತು.

“ಅಪ್ಪ ಹೇಳಿದ್ರು, ದೊಡ್ಡೋಳಾದ್ಮೇಲೆ ಹತ್ತಿಸ್ತೀನಿ ಅಂತ” ಎಂದರು ಚಿಕ್ಕಮ್ಮ. “ದೊಡ್ಡೋಳಾದೆ. ಬುಧವಾರ ಹನ್ನೊಂದು ಗಂಟೆಗೆ ಟಿಕೆಟ್ ತಗೊಂಡಿದೀನಿ, ಇಬ್ಬರಿಗೆ. ನಂಗೂ, ನಮ್ಮ ಅಳಿಯ ದೊತ್ತೋರೆಗೂ. ಓದ್ದೋರು ಪಕ್ಕದಲ್ಲಿದ್ರೆ ಎಲ್ಲಾ ಬಿಡಿಸಿ ಹೇಳ್ತಾರೆ.”

ಫೋಸ್ಕೊನ ಕೈಯಲ್ಲಿದ್ದ ಫೋರ್ಕು ತಟ್ಟೆಗೆ ಬಿತ್ತು.

ಪೀಸಾದಲ್ಲಿ ಹುಟ್ಟಿದ ಮಗುವಿಗೂ ಗೊತ್ತು: ಪದವಿ ಸಿಗುವ ಮೊದಲು ಗೋಪುರ ಹತ್ತಿದ ವಿದ್ಯಾರ್ಥಿಗೆ ಪದವಿ ಸಿಗುವುದಿಲ್ಲ. ಇದನ್ನು ನಂಬುತ್ತೀರಾ ಎಂದು ಯಾರನ್ನು ಕೇಳಿದರೂ ನಗುತ್ತಾರೆ; ನಕ್ಕು, ಹತ್ತದೆ ಉಳಿಯುತ್ತಾರೆ. ಫೋಸ್ಕೊ ಗೋಪುರದ ನೆರಳಲ್ಲೇ ಬೆಳೆದವನಾದರೂ ಅದರ ಮೊದಲ ಮೆಟ್ಟಿಲನ್ನೂ ತುಳಿದಿರಲಿಲ್ಲ. ಈಗ ಪರೀಕ್ಷೆಗೆ ಮೂರು ದಿನ ಇರುವಾಗ ತುಳಿಯುವುದೇ? ತುಳಿಯುವುದಿಲ್ಲ ಎಂದರೆ ಏಕೆಂದು ಹೇಳುವುದು ಹೇಗೆ?

ಚಿಕ್ಕಮ್ಮನ ಮನಸ್ಸು ತಿರುಗಿಸಲು ಅವನು ಅವತ್ತೇ ಅವರನ್ನು ಹಳೆಯ ಸಮಾಧಿ ಅಂಗಳಕ್ಕೆ ಕರೆದುಕೊಂಡು ಹೋದ. ಜೊತೆಗೆ ಧೈರ್ಯಕ್ಕೆ ಎಂದು ನನ್ನನ್ನೂ. ಅಲ್ಲಿಯ ಗೋಡೆಚಿತ್ರದಲ್ಲಿ ಬೇಟೆಗೆ ಹೊರಟ ಸಿರಿವಂತರು ದಾರಿಯಲ್ಲಿ ಮೂರು ತೆರೆದ ಶವಪೆಟ್ಟಿಗೆಗಳನ್ನು ಕಂಡು ನಿಂತುಬಿಟ್ಟಿದ್ದಾರೆ.

“ನೋಡಿ ಚಿಕ್ಕಮ್ಮಾ, ಇದರ ಮುಂದೆ ಗೋಪುರ ಏನು ಮಹಾ!”

“ಆ ಕುದುರೆ ಮೂಗು ನೋಡಪ್ಪಾ, ಅದಕ್ಕೆ ವಾಸನೆ ಬಂದಿದೆ” ಎಂದು ಚಿಕ್ಕಮ್ಮ ಖುಷಿಯಿಂದ ಗುರುತು ಹಾಕಿಕೊಂಡರು. ಫೋಸ್ಕೊ ಮಾತ್ರ ಮೂರನೆಯ ಪೆಟ್ಟಿಗೆಯಲ್ಲಿದ್ದವನನ್ನೇ ನೋಡುತ್ತಿದ್ದ. “ಟೀಚರಮ್ಮಾ, ಅವನ ಹಣೆ ನನ್ನ ಹಣೆ ಥರ ಇಲ್ವಾ?” ಎಂದು ಪಿಸುಗುಟ್ಟಿದ. ನಾನು ಅವನ ತೋಳು ಹಿಡಿದು ಕುದುರೆಯ ಕಡೆ ತಿರುಗಿಸಿದೆ.

ಅಲ್ಲಿಂದ ಮಕ್ಕಳಿಗೆ ಜ್ಞಾನಸ್ನಾನ ಮಾಡಿಸುವ ಗುಂಡು ಮಂದಿರಕ್ಕೆ. ಅದರ ಗುಮ್ಮಟ ಮಾತನ್ನು ಹಿಡಿದು ಆಡಿಸುತ್ತದೆಂದು ಲೋಕಪ್ರಸಿದ್ಧಿ. ಕಾವಲುಗಾರ ಅರ್ಧ ಗಂಟೆಗೊಮ್ಮೆ ಬಾಗಿಲು ಮುಚ್ಚಿ ಒಂದು ಸ್ವರ ಎಳೆದು ತೋರಿಸುತ್ತಾನೆ. ಅವನು ಎಲ್ಲರನ್ನೂ ಸುಮ್ಮನಿರಿಸಿ ಇನ್ನೇನು ಬಾಯಿ ತೆರೆಯಬೇಕು, ಚಿಕ್ಕಮ್ಮ ಫೋಸ್ಕೊನ ಕಿವಿಯಲ್ಲಿ, “ಬುಧವಾರ ಗೋಪುರಕ್ಕೆ ಯಾವ ಚಪ್ಪಲಿ ಹಾಕ್ಕೊಳ್ಳಲಿ?” ಎಂದರು.

ಫೋಸ್ಕೊ ಪಿಸುಮಾತಿನಲ್ಲೇ ಹೇಳಿದ್ದು. “ಗೋಪುರ ಬೇಡ, ಚಿಕ್ಕಮ್ಮಾ!”

ಬೇಡ, ಎಂದಿತು ಗುಮ್ಮಟ. ಬೇಡ, ಬೇಡ, ಎಂದಿತು ಮೇಲಿನ ಸುತ್ತು. ಬೇಡವೆಂಬುದು ಎಂಟು ದಿಕ್ಕಿಗೂ ಹೋಗಿ, ಮುದುಕನ ದನಿಯಾಗಿ ಹಿಂದಿರುಗಿ, ನಮ್ಮ ತಲೆಯ ಮೇಲೆ ನಿಂತಿತು. ಪ್ರವಾಸಿಗಳು ಚಪ್ಪಾಳೆ ತಟ್ಟಿದರು. ಕಾವಲುಗಾರ ತಟ್ಟಲಿಲ್ಲ. ಅವನಿಗೆ ಫೋಸ್ಕೊ ಯಾರೆಂದು ಗೊತ್ತಿತ್ತು.

ಆ ಕಾವಲುಗಾರ ಕಾಫಿ ಕುಡಿಯುವುದು ಲೋರೆಡಾನಾಳ ಅಂಗಡಿಯಲ್ಲಿ. ಮಂಗಳವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಕಾಫಿ ಯಂತ್ರ ಮಾತ್ರ ಗಟ್ಟಿಯಾಗಿ ಮಾತಾಡುತ್ತಿತ್ತು, ಜನ ಪಿಸುಗುಟ್ಟುತ್ತಿದ್ದರು.

“ಮೂರು ಸಲ ಬೇಡ ಅಂದ್ನಂತೆ” ಎಂದ ಅಲ್ವಾರೊ.

“ಆರು ಸಲ” ಎಂದಳು ಲೋರೆಡಾನಾ. “ಕಾವಲುಗಾರ್ನೇ ಎಣಿಸಿದಾನೆ.”

“ಹತ್ತಬೇಡಿ ಅಂದ್ನೋ, ಹತ್ರಾನೇ ಹೋಗಬೇಡಿ ಅಂದ್ನೋ?”

“ಸ್ವಂತ ಚಿಕ್ಕಮ್ಮಂಗೆ ಹೇಳ್ತಾನೆ ಅಂದ್ರೆ ಸುಮ್ನೆನಾ? ಮೂವತ್ತೈದು ವರ್ಷ ಚರಂಡಿ ನಕ್ಷೆ ನೋಡಿದೋನು. ಈ ಊರಿನ ನೆಲದಡಿ ಏನಾಗ್ತಿದೆ ಅಂತ ಗೊತ್ತಿರೋದು ಇಬ್ಬರಿಗೇ. ಒಂದು ಇಲಿಗಳಿಗೆ, ಇನ್ನೊಂದು ದೊತ್ತೋರೆಗೆ.”

ಅಲ್ವಾರೊನ ಮುಖ ಅವನದೇ ಟವೆಲಿನಂತೆ ಬೆಳ್ಳಗಾಯಿತು. “ವಾಲಿರೋದು ದಕ್ಷಿಣಕ್ಕೆ. ನನ್ನಂಗಡಿ ಇರೋದು ದಕ್ಷಿಣಕ್ಕೆ. ಗೋಪುರ ಐವತ್ತಾರು ಮೀಟರ್. ಅಳೆದು ನೋಡಿದೆ, ಅಂಗಡಿಗೆ ತೊಂಬತ್ತು ಹೆಜ್ಜೆ.”

“ಮತ್ತೇನು, ತಲುಪಲ್ಲ ಬಿಡು.”

“ನನ್ನ ಹೆಜ್ಜೆ ಚಿಕ್ಕದು ಕಣೇ!”

ಮಧ್ಯಾಹ್ನದೊಳಗೆ ಲೋರೆಡಾನಾ ಬಾಟಲಿಗಳನ್ನೆಲ್ಲ ಕೆಳಗಿನ ಸಾಲಿಗೆ ಇಳಿಸಿದಳು. ಗೊಂಬೆ ಗೋಪುರ ಮಾರುವವನು ತನ್ನ ಸುಣ್ಣದ ಗೋಪುರಗಳನ್ನೆಲ್ಲ ಮಲಗಿಸಿ ಇಟ್ಟ. ಅವು ನಿಂತಿದ್ದರೆ ಅಪಶಕುನವಂತೆ. ನನ್ನ ಬಾಗಿಲು ಮೂರು ಸಲ ಬಡಿಯಿತು. ಮೂವರು ಬೇರೆ ಬೇರೆ ಜನ ಬಂದು, ಏನೂ ಕಾರಣ ಹೇಳದೆ, ಊರಿನ ಉತ್ತರಕ್ಕಿರುವ ತಮ್ಮ ನೆಂಟರ ಮನೆಯಲ್ಲಿ ಎರಡು ದಿನ ಇದ್ದು ಬನ್ನಿ ಎಂದು ಕೇಳಿಕೊಂಡರು. ತಾವೇ ಹೆದರಿ ನಡುಗುತ್ತಿದ್ದರೂ ಅವರಿಗೆ ಒಂಟಿ ಮುದುಕಿಯ ನೆನಪಾಯಿತಲ್ಲ ಎಂದು ನನಗೆ ಅಳು ಬಂತು. ಆದರೆ ಬಾಯಿ ಬಿಡುವಂತಿಲ್ಲ. ಫೋಸ್ಕೊಗೆ ಮಾತು ಕೊಟ್ಟಿದ್ದೆ.

ಅವತ್ತು ಕೊನೆಯ ನಲ್ಲಿ ರಿಪೇರಿ. ನಾವು ಜೇಡಿಮಣ್ಣಿನ ಅಧ್ಯಾಯದಲ್ಲಿದ್ದಾಗ ಬಾಗಿಲು ನಾಲ್ಕನೆಯ ಸಲ ಬಡಿಯಿತು. ತೆರೆದರೆ ನಗರ ಪೊಲೀಸಿನ ಕ್ವಿರೀನೊ, ಸಮವಸ್ತ್ರದಲ್ಲಿ.

“ದೊತ್ತೋರೆ ಗೆಲಾರ್ದೂಚಿ ಇಲ್ಲಿದಾರೆ ಅಂದ್ರು.”

ಫೋಸ್ಕೊ ಪುಸ್ತಕವನ್ನು ಕುರ್ಚಿಯ ಮೇಲೆ ಹಾಕಿ ಅದರ ಮೇಲೆ ಕೂತ. ಇಲ್ಲದ ಪದವಿ ಹೇಳಿಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧವೆಂದು ಅವನು ನಲವತ್ತು ವರ್ಷದಿಂದ ಈ ಸಮವಸ್ತ್ರಕ್ಕೆ ಕಾಯುತ್ತಿದ್ದ.

“ಊರಲ್ಲಿ ಒಂದು ಸುಳ್ಳು ಓಡಾಡ್ತಿದೆ” ಎಂದ ಕ್ವಿರೀನೊ ಗಂಟಲು ಸರಿಮಾಡಿಕೊಂಡು. “ಅದಕ್ಕೆ ಮೂಲ ನೀವೇ ಅಂತಾರೆ.”

“ನಾನಾಗಿ ನಾನು ಹೇಳಿದ್ದಲ್ಲ ಸಾರ್! ಮೊದಲು ಅಂದೋನು ಅಲ್ವಾರೊ. ನಾನು ಇಲ್ಲ ಅನ್ನಲಿಲ್ಲ, ಅಷ್ಟೇ.”

“ಇಲ್ಲ ಅನ್ನಲಿಲ್ವಾ?” ಕ್ವಿರೀನೊನ ದನಿ ಇಳಿಯಿತು. “ಅಂದ್ರೆ… ಎಷ್ಟು ದಿನದಿಂದ ಗೊತ್ತು ನಿಮಗೆ?”

“ನಲವತ್ತು ವರ್ಷ.”

“ನಲವತ್ತು ವರ್ಷದಿಂದ ಬಾಯಿ ಮುಚ್ಕೊಂಡಿದೀರಾ!”

“ಹೆಂಡತಿಗೂ ಹೇಳಿಲ್ಲ. ಹೆದರಿಕೆ ಸಾರ್. ಒಂದಲ್ಲ ಒಂದು ದಿನ ಎಲ್ಲಾ ಕುಸಿದು ಬೀಳುತ್ತೆ ಅಂತ ಗೊತ್ತಿತ್ತು.”

ಕ್ವಿರೀನೊ ಕುರ್ಚಿ ಹುಡುಕಿ ಕೂತ. ನಾನು ನಲ್ಲಿ ತಿರುಗಿಸಿ ಒಂದು ಲೋಟ ನೀರು ಕೊಟ್ಟೆ. ಅದು ರಿಪೇರಿಯಲ್ಲಿರುವ ನಲ್ಲಿ ಎಂದು ಮೂವರಿಗೂ ನೆನಪಾಗಲಿಲ್ಲ.

“ಯಾವಾಗ?” ಎಂದ ಅವನು.

“ಗುರುವಾರ. ಬೆಳಿಗ್ಗೆ ಹತ್ತಕ್ಕೆ.”

“ಅಷ್ಟು ಖಚಿತವಾಗಿ?”

“ವಿಶ್ವವಿದ್ಯಾಲಯದಿಂದ ಕಾಗದ ಬಂದಿದೆ.”

“ದೇವರೇ, ಅವರಿಗೂ ಗೊತ್ತು!”

“ಎಲ್ಲಾ ಮಣ್ಣಿನ ಮೇಲೆ ನಿಂತಿದೆ ಸಾರ್. ಏಳು ಸಲ ಮಣ್ಣು ಕೈಕೊಟ್ಟಿದೆ. ಈ ಸಲಾನೂ ಕೊಟ್ರೆ ಮುಗೀತು.”

ಕ್ವಿರೀನೊ ಎದ್ದು ಟೋಪಿ ಹಾಕಿಕೊಂಡ, ಮತ್ತೆ ತೆಗೆದ. “ನಮ್ಮಮ್ಮನ ಮನೆ ಇಲ್ಲೇ ದಕ್ಷಿಣದ ಬೀದೀಲಿದೆ. ಅವಳೊಬ್ಬಳಿಗೆ ಹೇಳ್ಲಾ?”

“ಬೇಡ ಸಾರ್. ಊರಿಗೆಲ್ಲಾ ಗೊತ್ತಾದ್ರೆ ನಾನು ಮುಖ ತೋರಿಸೋದು ಹೇಗೆ?”

ಕ್ವಿರೀನೊ ಫೋಸ್ಕೊನ ಎರಡೂ ಕೈ ಹಿಡಿದುಕೊಂಡ. “ಪಾಪ, ಇಷ್ಟು ದೊಡ್ಡ ಭಾರ ಒಬ್ರೇ ಹೊತ್ಕೊಂಡಿದ್ರಲ್ಲ ದೊತ್ತೋರೆ” ಎಂದು ಕಣ್ಣೊರೆಸಿಕೊಂಡು ಹೊರಟುಹೋದ.

“ನೋಡಿದ್ರಾ ಟೀಚರಮ್ಮಾ, ಪೊಲೀಸರಲ್ಲೂ ಎಂಥಾ ಕರುಣೆ!” ಎಂದ ಫೋಸ್ಕೊ.

ಒಬ್ಬ ಪದವಿಯ ಮಾತು, ಇನ್ನೊಬ್ಬ ಗೋಪುರದ ಮಾತು ಆಡುತ್ತಿದ್ದಾರೆಂದು ನನ್ನ ಮುದಿ ಬುದ್ಧಿಗೆ ಹೊಳೆಯುವಷ್ಟರಲ್ಲಿ ಕ್ವಿರೀನೊನ ಬೂಟು ಮೂರು ಮೂರು ಮೆಟ್ಟಿಲು ಹಾರಿ ಬೀದಿ ಸೇರಿತ್ತು. ಕಿಟಕಿಯಿಂದ ಕೂಗಿದೆ, ಕೇಳಿಸಲಿಲ್ಲ. ಅವನು ತನ್ನ ತಾಯಿಗೆ ಮಾತ್ರ ಹೇಳಿದ. ಆಕೆ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಹದಿನಾಲ್ಕು ಜನಕ್ಕೆ ಹೇಳಿದಳು.

ಬುಧವಾರ ಬೆಳಗಾದಾಗ ಫೋಸ್ಕೊ ಹಾಸಿಗೆ ಬಿಟ್ಟೇಳಲಿಲ್ಲ. ಮೊಣಕಾಲು ನೋವೆಂದ, ಎದೆ ಉರಿಯೆಂದ, ಕೊನೆಗೆ ಎರಡೂ ಒಟ್ಟಿಗೆ ಎಂದ. ಚಿಕ್ಕಮ್ಮ ಹತ್ತೂವರೆಯವರೆಗೆ ಕಾದರು. “ಎಪ್ಪತ್ಮೂರು ವರ್ಷ ಕಾದಿದೀನಿ, ಇನ್ನು ಒಂದು ನಿಮಿಷಾನೂ ಕಾಯಲ್ಲ” ಎಂದು ಕೆಂಪು ಶಾಲು ಬಿಗಿದುಕೊಂಡು ಒಬ್ಬರೇ ಹೊರಟರು.

ಮುಕ್ಕಾಲು ಗಂಟೆಯ ಮೇಲೆ ಬೀದಿಯಲ್ಲಿ ಗಲಾಟೆ ಕೇಳಿ ನಾನೂ ಮಿರೆಲ್ಲಾಳೂ ಓಡಿದೆವು. ಹಿಂದಿನಿಂದ ಫೋಸ್ಕೊ ಪೈಜಾಮದ ಮೇಲೆ ಕೋಟು ಹಾಕಿಕೊಂಡು ಬಂದ. ಗೋಪುರದ ತುತ್ತ ತುದಿಯಲ್ಲಿ, ಗಂಟೆಗಳ ಪಕ್ಕ, ಕೆಂಪು ಶಾಲು ಕಾಣುತ್ತಿತ್ತು. ಕೆಳಗೆ ನಮ್ಮ ಬೀದಿಗೆ ಬೀದಿಯೇ ನಿಂತಿತ್ತು. ಎಲ್ಲರೂ ಉತ್ತರದ ಕಡೆಯಲ್ಲೇ.

ಆದದ್ದಿಷ್ಟು. ಶಾಲನ್ನು ಗುರುತಿಸಿದ ಲೋರೆಡಾನಾ ಒಳ್ಳೆಯ ಮನಸ್ಸಿನಿಂದಲೇ, “ಸಿಞೋರಾ ಎರ್ಸೀಲಿಯಾ, ಅಲ್ಲಾಡಬೇಡಿ!” ಎಂದು ಕೂಗಿದ್ದಳು. ಅಲ್ವಾರೊ ಇನ್ನೂ ಒಳ್ಳೆಯ ಮನಸ್ಸಿನಿಂದ, “ಉತ್ತರದ ಕಡೆ ಕೂತ್ಕೊಳ್ಳಿ, ಭಾರ ಕೊಡಿ!” ಎಂದಿದ್ದ. ಮೂವತ್ತು ವರ್ಷದ ಹಿಂದೆ ಗೋಪುರವನ್ನು ಹಿಡಿದು ನಿಲ್ಲಿಸಲು ಎಂಜಿನಿಯರುಗಳು ಉತ್ತರದ ಬುಡಕ್ಕೆ ಸೀಸದ ಗಟ್ಟಿ ಹೇರಿದ್ದು ಊರಿಗೆಲ್ಲ ನೆನಪಿತ್ತು. ಚಿಕ್ಕಮ್ಮ ಕೂಡಲೇ ಉತ್ತರದ ಕಡೆ ನೆಲದ ಮೇಲೆ ಕೂತರು. ಈಗ ಏಳುತ್ತಿಲ್ಲ. ತಾನು ಎದ್ದರೆ ಗೋಪುರ ಬೀಳುತ್ತದೆ ಎಂದು ಅವರ ಹಟ. ಅಳಿಯ ದೊತ್ತೋರೆ ಖುದ್ದು ಬಂದು ಬೀಳುವುದಿಲ್ಲವೆಂದು ಹೇಳಿದರೆ ಮಾತ್ರ ಏಳುತ್ತಾರಂತೆ. ಬಾಗಿಲ ಕಾವಲುಗಾರ ಬೆವರುತ್ತಿದ್ದ; ಅವನಿಗೆ ಇಂಥದಕ್ಕೆ ನಿಯಮ ಕೊಟ್ಟಿರಲಿಲ್ಲ.

“ಹೋಗಿ ದೊತ್ತೋರೆ!” ಎಂದು ಎಲ್ಲರೂ ತಿರುಗಿದರು.

ಫೋಸ್ಕೊ ಬಾಗಿಲಿನವರೆಗೆ ಹೋದ. ಒಳಗೆ ಮೊದಲ ಮೆಟ್ಟಿಲು, ಎಂಟುನೂರು ವರ್ಷದ ಕಾಲುಗಳಿಗೆ ಸವೆದು ನಡುವೆ ತಗ್ಗಾಗಿ, ಅವನನ್ನೇ ಕಾಯುತ್ತಿತ್ತು. ಮೇಲೆ ಮುದುಕಿ, ನಾಳೆ ಪರೀಕ್ಷೆ. ಅವನು ಹಿಂದಿರುಗಿ ನಿಂತು, ಎರಡೂ ಕೈ ಎತ್ತಿ ಕೂಗಿದ:

“ನಾನು ದೊತ್ತೋರೆ ಅಲ್ಲ!”

“ನೋಡಿದ್ರಾ, ಜವಾಬ್ದಾರಿಯಿಂದ ಜಾರ್ಕೊಳ್ತಿದಾನೆ” ಎಂದ ಅಲ್ವಾರೊ. “ಬೀಳೋದಂತೂ ಖಂಡಿತ.”

“ಗೋಪುರ ಬೀಳಲ್ರೋ! ಬೀಳೋನು ನಾನು! ಒಂದು ಪರೀಕ್ಷೆ ಬಾಕಿ ಇದೆ, ಮಣ್ಣಿನ ಪರೀಕ್ಷೆ, ನಲವತ್ತು ವರ್ಷದಿಂದ ಬಾಕಿ ಇದೆ! ನಾಳೆ ಹತ್ತು ಗಂಟೆಗೆ! ಅದಕ್ಕೇ ನಾನು ಇದನ್ನ ಹತ್ತಲಿಲ್ಲ, ಇನ್ನೇನೂ ಅಲ್ಲ!”

ಈಗ ನಗುತ್ತಾರೆ, ಇಲ್ಲವೇ ಉಗಿಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕಂಡದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಲೋರೆಡಾನಾ ಒಂದು ತೋಳು, ಕ್ವಿರೀನೊ ಇನ್ನೊಂದು ತೋಳು ಹಿಡಿದು ಫೋಸ್ಕೊನನ್ನು ಬಾಗಿಲಿನಿಂದ ದೂರ ಎಳೆಯುತ್ತಿದ್ದರು.

“ನಾಳೆ ಪರೀಕ್ಷೆ ಇಟ್ಕೊಂಡು ಬಾಗಿಲ ಹತ್ರ ನಿಂತಿದೀಯಲ್ಲೋ! ಬುದ್ಧಿ ಇದೆಯಾ ನಿಂಗೆ?”

“ಮೆಟ್ಟಿಲು ಮುಟ್ಲಿಲ್ಲ ತಾನೆ? ಚಪ್ಪಲಿ ತೋರ್ಸು!”

“ಮುಟ್ಲಿಲ್ಲ, ನಾನು ನೋಡ್ತಿದ್ದೆ” ಎಂದ ಅಲ್ವಾರೊ. ಗೋಪುರ ಬೀಳುವ ಭಯ ಒಂದೇ ಗಳಿಗೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ಅದಕ್ಕಿಂತ ದೊಡ್ಡ ಭಯ ಈಗ ಪೈಜಾಮದಲ್ಲಿ ನಿಂತಿತ್ತು.

ಮಿರೆಲ್ಲಾ ನಿಧಾನವಾಗಿ ನನ್ನ ಕಡೆ ತಿರುಗಿದಳು.

“ನಿಮ್ಮ ನಲ್ಲಿ ರಿಪೇರಿ ಆಯ್ತಾ ಟೀಚರಮ್ಮಾ?”

“ಕ್ಷಮಿಸಮ್ಮಾ” ಎಂದೆ. “ಜೇಡಿಮಣ್ಣಿನ ಅಧ್ಯಾಯ ಒಂದು ಉಳಿದಿದೆ.”

ಅವಳು ಗಂಡನ ಹತ್ತಿರ ಹೋಗಿ ಕೋಟಿನ ಗುಂಡಿ ಹಾಕಿದಳು. “ನಮ್ಮಪ್ಪ ಹೋದ್ರು, ಇನ್ಯಾರಿಗೆ ಹೆದರ್ಕೊಂಡಿದ್ದೆ?”

“ನಿಂಗೆ.”

“ಅದು ಸರಿ” ಎಂದಳು ಮಿರೆಲ್ಲಾ. ಆದರೂ ಗುಂಡಿ ಬಿಡಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಚಿಕ್ಕಮ್ಮನ ದನಿ ತೇಲಿ ಬಂತು: “ಅಳಿಯಾ, ಬರ್ತೀಯೋ ಇಲ್ವೋ? ಕಾಲು ಜೋಮು ಹಿಡೀತು!”

ಸಭೆ ಸೇರಿತು. ಹೊತ್ತುಕೊಂಡು ಹೋದರೆ ಹತ್ತಿದಂತಾಗುವುದಿಲ್ಲ ಎಂದ ಕ್ವಿರೀನೊ. ಫೋಸ್ಕೊನ ತೂಕ ನೋಡಿ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅಲ್ವಾರೊ ಬೆರಳೆತ್ತಿದ. “ಹತ್ತೋದು ಅಂದ್ರೇನು? ಮುಖ ಮೇಲೆ ಮಾಡಿ ಹೋಗೋದು. ಮುಖ ಕೆಳಗೆ ಮಾಡಿ ಹೋದ್ರೆ ಅದು ಇಳಿಯೋದು. ದಿಕ್ಕು ಮಾತ್ರ ಬೇರೆ.”

“ಹಿಂದುಹಿಂದಕ್ಕೆ ಹತ್ತಬಾರದು ಅಂತ ನಿಯಮ ಇದೆಯಾ?” ಎಂದು ಕ್ವಿರೀನೊ ಕಾವಲುಗಾರನನ್ನು ಕೇಳಿದ. ಕಾವಲುಗಾರ ಫಲಕವನ್ನು ಎರಡು ಸಲ ಓದಿ, ಇಲ್ಲ ಎಂದ.

ಹೀಗೆ ಫೋಸ್ಕೊ ಪೀಸಾದ ಗೋಪುರವನ್ನು ಬೆನ್ನು ಮುಂದೆ ಮಾಡಿ ಏರಿದ. ಇನ್ನೂರ ಎಪ್ಪತ್ತಕ್ಕೂ ಹೆಚ್ಚು ಮೆಟ್ಟಿಲು, ಸುತ್ತು ಸುತ್ತು, ಒಂದು ಕಡೆ ವಾಲಿದ್ದು. ಮಿರೆಲ್ಲಾ ಎದುರಿಗೆ, ಅವನ ಎರಡೂ ಕೈ ಹಿಡಿದು, “ಎಡಗಾಲು, ಬಲಗಾಲು, ಇಲ್ಲಿ ಸವೆದಿದೆ, ಜೋಕೆ” ಎನ್ನುತ್ತ ಹತ್ತಿದಳು. ಅವನು ದಾರಿಯುದ್ದಕ್ಕೂ, “ನಾನು ಇಳೀತಿದೀನಿ, ಇಳೀತಿದೀನಿ” ಎಂದು ಜಪಿಸುತ್ತಿದ್ದನಂತೆ.

ಮೇಲೆ ಆದದ್ದನ್ನು ಆಮೇಲೆ ಮಿರೆಲ್ಲಾಳೇ ಹೇಳಿದಳು. ಫೋಸ್ಕೊ ಕಟಕಟೆಯನ್ನು ತಬ್ಬಿ, ಕಣ್ಣು ಬಿಗಿ ಮುಚ್ಚಿ, ಒಂದೇ ಉಸಿರಿನಲ್ಲಿ ಒಪ್ಪಿಸಿದ: “ಕೆಳಗಿರೋ ಮಣ್ಣು ಮೆತ್ತಗಿದೆ ಚಿಕ್ಕಮ್ಮಾ. ಮೆತ್ತಗಿದ್ದಿದ್ದಕ್ಕೇ ಇದು ವಾಲಿದ್ದು. ಮೆತ್ತಗಿದ್ದಿದ್ದಕ್ಕೇ ಭೂಕಂಪ ಬಂದಾಗ ಬೀಳದೆ ಉಳಿದಿದ್ದು. ಗಟ್ಟಿ ನೆಲ ಆಗಿದ್ರೆ ಯಾವತ್ತೋ ಹೋಗಿರೋದು. ಆಮೇಲೆ ಉತ್ತರದ ಕಡೆ ಒಂದಿಷ್ಟು ಮಣ್ಣು ತೆಗೆದು ನಿಲ್ಲಿಸಿದಾರೆ. ನಿಮ್ಮ ತೂಕ ಎಷ್ಟು?”

“ಐವತ್ತೆರಡು ಕಿಲೋ.”

“ಗೋಪುರದ್ದು ಹದಿನಾಲ್ಕು ಸಾವಿರ ಟನ್ನು ದಾಟುತ್ತೆ. ನೀವು ಎದ್ರೂ ಅದಕ್ಕೆ ಗೊತ್ತಾಗಲ್ಲ.”

ಚಿಕ್ಕಮ್ಮನಿಗೆ ಸ್ವಲ್ಪ ಅವಮಾನವಾಯಿತು. ಆದರೂ ಎದ್ದರು. ಎದ್ದು, ಪಡುವಣ ಕಡೆ ತಿರುಗಿ, ದೂರದಲ್ಲಿ ಗೆರೆ ಎಳೆದಂತೆ ಹೊಳೆಯುವ ಸಮುದ್ರವನ್ನು ಬಹಳ ಹೊತ್ತು ನೋಡಿದರಂತೆ. “ಹತ್ತಿದೆ ಅಪ್ಪಾ” ಎಂದರಂತೆ. ಆಮೇಲೆ ಪುಸ್ತಕ ತೆಗೆದು ಬರೆದುಕೊಂಡರು: ‘ಬೀಳುವುದಿಲ್ಲ. ಅಳಿಯ ಹೇಳಿದ.’

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಬ್ರೆಡ್ಡು ತರುವ ನೆಪದಲ್ಲಿ ದೊಡ್ಡ ಚರ್ಚಿಗೆ ಹೋದೆ. ಅದರ ಕಂಚಿನ ಬಾಗಿಲಿನ ಎಲೆಬಳ್ಳಿಗಳ ನಡುವೆ ಒಂದು ಪುಟ್ಟ ಹಲ್ಲಿ ಇದೆ. ಪರೀಕ್ಷೆಗೆ ಹೋಗುವ ಮಕ್ಕಳು ಮುಟ್ಟಿ ಮುಟ್ಟಿ ಅದು ಚಿನ್ನದಂತೆ ಹೊಳೆಯುತ್ತದೆ. ಮುದುಕಿ ಮುಟ್ಟಿದರೂ ಫಲ ಸಿಗಬಹುದು ಎಂದುಕೊಂಡೆ.

ಬಾಗಿಲ ಮುಂದೆ ಸಾಲು ಇತ್ತು.

“ಪಾಪನಿವೇದನೆಗೆ ಬಂದೆ” ಎಂದಳು ಲೋರೆಡಾನಾ ನನ್ನ ಮುಖ ನೋಡದೆ. “ಬಾಗಿಲಿನ ಕೆತ್ತನೆ ನೋಡೋಣಾಂತ, ಅಪರೂಪದ ಕೆಲಸ ಅಲ್ವಾ” ಎಂದ ಅಲ್ವಾರೊ. ಅವನು ಹುಟ್ಟಿದಾಗಿನಿಂದ ಅದನ್ನು ನೋಡಿದ್ದು ಅದೇ ಮೊದಲು. ಕ್ವಿರೀನೊ ಕರ್ತವ್ಯದ ಮೇಲಿದ್ದನಂತೆ, ತಾಯಿಯ ಜೊತೆ. ಅವರ ಹಿಂದೆ ಯಾವುದೋ ದೂರದೇಶದ ನಲವತ್ತು ಪ್ರವಾಸಿಗಳು, ಇದು ಬಹಳ ಮುಖ್ಯವಾದ ಕಲಾಕೃತಿ ಇರಬೇಕೆಂದು, ಶಿಸ್ತಾಗಿ ಸಾಲು ಹಿಡಿದಿದ್ದರು. ಎಲ್ಲರಿಗಿಂತ ಮುಂದೆ ಮಿರೆಲ್ಲಾ. ಅವಳು ಬಟ್ಟೆಯಲ್ಲಿ ಸುತ್ತಿದ್ದ ಹಿತ್ತಾಳೆ ಫಲಕ ಹೊರತೆಗೆದು, ಅದರ ಮುಖವನ್ನು ಹಲ್ಲಿಯ ಬೆನ್ನಿಗೆ ಮೂರು ಸಲ ಉಜ್ಜಿದಳು.

ಹತ್ತು ಗಂಟೆಯಾಯಿತು. ಯಾರೂ ಹೇಳಿಕೊಡದಿದ್ದರೂ ನಾವೆಲ್ಲ ಒಟ್ಟಿಗೆ ಗೋಪುರದ ಕಡೆ ನೋಡಿದೆವು. ಅದು ವಾಲಿಕೊಂಡೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಫೋಸ್ಕೊ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ಗೋಪುರದ ಬುಡದ ದಾರಿ ಬಿಟ್ಟು, ಸುತ್ತು ಬಳಸಿ ಬಂದಿದ್ದ. ಕೋಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. ಲೋರೆಡಾನಾಳ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು. ನಾನೂ ಮಿರೆಲ್ಲಾಳೂ ಬಾಗಿಲಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದೆವು.

“ನಾಲ್ಕು ಪ್ರಶ್ನೆ” ಎಂದ ಫೋಸ್ಕೊ. “ಮೊದಲನೇದು ಬರ್ಲಿಲ್ಲ. ಎರಡನೇದೂ ಅಷ್ಟೇ. ಮೂರನೇದರಲ್ಲಿ ಅಧ್ಯಾಪಕಿ ನಂಗೆ ನೀರು ಕೊಟ್ರು. ಮಗಳ ವಯಸ್ಸಿನ ಹುಡುಗಿ. ಆಮೇಲೆ ಕೇಳಿದ್ರು, ‘ಭೂಕಂಪದಲ್ಲಿ ನಮ್ಮ ಗೋಪುರ ಏಕೆ ಬೀಳಲಿಲ್ಲ?’”

“ಏನಂದೆ?” ಎಂದಳು ಮಿರೆಲ್ಲಾ.

“ಚಿಕ್ಕಮ್ಮಂಗೆ ಹೇಳಿದ್ದನ್ನೇ ಹೇಳ್ದೆ. ಕಣ್ಣು ಮುಚ್ಕೊಂಡು.” ಅವನು ಕನ್ನಡಕ ತೆಗೆದು ಒರೆಸಿಕೊಂಡ. “ಮೂವತ್ತಕ್ಕೆ ಹದಿನೆಂಟು.”

ಹದಿನೆಂಟು ಎಂದರೆ ಅಂಚಿಗೆ ಅಂಚು, ಪಾಸು. ಚಿಕ್ಕಮ್ಮ ಮೇಲಿನ ಕಿಟಕಿಯಿಂದಲೇ ಶಾಲು ಬೀಸಿದರು. ಅಲ್ವಾರೊ ಗಿರಾಕಿಯೊಬ್ಬನನ್ನು ಅರ್ಧ ಗಡ್ಡದಲ್ಲಿ ಬಿಟ್ಟು, ಅಂಗೈ ತುಂಬ ನೊರೆ ಹಿಡಿದುಕೊಂಡು ಹೊರಗೆ ಹಾರಿಬಂದ.

“ದೊತ್ತೋರೆ!”

ಫೋಸ್ಕೊ ಥಟ್ಟನೆ ಕೈ ಅಡ್ಡ ಹಿಡಿದ.

“ಇನ್ನೂ ಅಲ್ಲ” ಎಂದ. ನಲವತ್ತು ವರ್ಷದ ಹಿಂದೆ ಹೇಳಬೇಕಿದ್ದ ಮಾತು. “ಪದವಿ ಕೊಡೋದು ಜುಲೈನಲ್ಲಿ. ಅಲ್ಲೀವರೆಗೂ ಆ ಹೆಸರು ಎತ್ತಬೇಡ ಮಾರಾಯ, ದಮ್ಮಯ್ಯ. ಬರೀ ಫೋಸ್ಕೊ ಅನ್ನು.”

“ಆಗ್ಲಿ ದೊ—” ಎಂದ ಅಲ್ವಾರೊ. ಗಾಬರಿಯಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ, ನೊರೆ ತುಂಬಿದ ಕೈಯಲ್ಲಿ.